ಬೆಟಗೇರಿ ಹೆಪ್ಪು ಮತ್ತು ಗುರುಶಿದ್ದಪ್ಪನವರ ಕಾಲು

ಮದುವೆ ಊಟದಲ್ಲಿ ಪಕ್ಕದ ಎಲೆಯವರು ಮಜ್ಜಿಗೆ ಹಾಕಿಸಿಕೊಳ್ಳುತ್ತ ನನ್ನ ಕಡೆ ತಿರುಗಿ, "ಮ್ಯಾಡಂ, ಮಜ್ಜಿಗಿಲೆ ಎಂಥಾ ಗಾಯಾನೂ ಮಾಯ್ತೈತಂತಲ್ರಿ, ನಿಮ್ಮ ಕಾಲೇಜಿನವ್ರ ಕಂಡು ಹಿಡಿದಾರಂತ" ಎಂದರೆ ನನಗೆ ತಲೆ ಕೆಟ್ಟುಹೋಗುತ್ತದೆ. ಒಂದು ಸಲವಲ್ಲ, ಎಷ್ಟೋ ಸಲ ಆಗಿದೆ. ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದು ಬಂದದ್ದೂ ಉಂಟು. "ಸಿಟ್ಟು ಮಾಡ್ಕೋಬ್ಯಾಡ ದಾಕ್ಷಾಯಿಣಿ, ಅವ್ರಿಗೇನ ಗೊತ್ತು" ಎಂದು ನನ್ನ ಗಂಡ ಸಮಾಧಾನ ಹೇಳುತ್ತಾರೆ. ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಊಟ ಮಾಡಬೇಕಪ್ಪ! ನಾನು ಹೀಗೆ ಒರಟಾಗಿ ಮಾತಾಡುವುದು ಗುರುಶಿದ್ದಪ್ಪನವರ ಕಾಲು ಹೋದದ್ದನ್ನು ಕಣ್ಣಾರೆ ಕಂಡದ್ದರಿಂದ.

ಗುರುಶಿದ್ದಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ವಿದ್ಯಾನಗರದಲ್ಲಿ ನಮ್ಮ ಓಣಿಯಲ್ಲೇ ಅವರ ಮನೆ. ಮುಂಗೈ ತುಂಬ ಕಿಡಿ ಸಿಡಿದ ಕಲೆಗಳು, ಬಾಯಿ ತುಂಬ ಮಾತು. ಎಪ್ಪತ್ನಾಲ್ಕರ ರೈಲ್ವೆ ಮುಷ್ಕರದಲ್ಲಿ ಜೈಲಿಗೆ ಹೋಗಿಬಂದದ್ದನ್ನು ಬೇರೆಯವರು ಕಾಶಿಗೆ ಹೋಗಿಬಂದದ್ದನ್ನು ಹೇಳುವ ಹಾಗೆ ಹೇಳುತ್ತಿದ್ದರು. ತೊಂಬತ್ತೊಂಬತ್ತರಲ್ಲಿ ನಿವೃತ್ತರಾದ ಮೇಲೂ ಬೆಳಗಿನ ಪಾಳಿಗೆ ವರ್ಕ್‌ಶಾಪಿನ ಭೋಂಗಾ ಕೂಗುವ ಹೊತ್ತಿಗೆ ಸ್ನಾನ ಮುಗಿಸಿ, ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅವರಿಗೆ ನಡೆಯುವ ಹುಚ್ಚು. ದುರ್ಗದಬೈಲಿಗೆ ಕಾಯಿಪಲ್ಯ ತರಲು ಹೋದರೂ ನಡೆದೇ ಹೋಗಿ ನಡೆದೇ ಬರುವರು. ಆಟೋಕ್ಕೆ ಬನ್ನಿ ಎಂದರೆ, "ಕಾಲ ಅದಾವಲ್ರಿ ಅಕ್ಕಾವ್ರ, ಮತ್ತ ಆಟೋ ಯಾಕ?" ಎನ್ನುವರು.

ಹೆಂಡತಿ ಸತ್ಯವ್ವನ ತವರು ಉಪ್ಪಿನಬೆಟಗೇರಿ. ಮದುವೆಯಾಗಿ ಬರುವಾಗ ತವರಿನಿಂದ ಒಂದು ಕುಡಿಕೆಯಲ್ಲಿ ಹೆಪ್ಪು ತಂದಿದ್ದರಂತೆ. ಅಂದಿನಿಂದ ಇವತ್ತಿನ ಮೊಸರಿನಿಂದ ನಾಳೆಯ ಹಾಲಿಗೆ ಎಂದು ಅದು ಆ ಮನೆಯಲ್ಲಿ ನಡೆದುಕೊಂಡು ಬಂದಿತ್ತು. ಓಣಿಯಲ್ಲಿ ಯಾರ ಮೊಸರು ಕೆಟ್ಟರೂ ಸತ್ಯವ್ವನ ಬಾಗಿಲಿಗೇ ಬಟ್ಟಲು ಹಿಡಿದು ಹೋಗುತ್ತಿದ್ದರು. ನಮ್ಮ ಮನೆಯ ಹೆಪ್ಪೂ ಅವರದೇ. ದೀಪ ಹಚ್ಚಿದ ಮೇಲೆ ಮಾತ್ರ ಕೊಡುತ್ತಿರಲಿಲ್ಲ, ಲಕ್ಷ್ಮಿ ಹೊರಗೆ ಹೋಗುತ್ತಾಳಂತೆ. ಆ ವಿಷಯದಲ್ಲಿ ಅವರು ಯಾರ ಮುಲಾಜೂ ನೋಡುತ್ತಿರಲಿಲ್ಲ.

ಇವರ ಒಬ್ಬಳೇ ಮಗಳು ಸುಮಲತಾ. ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ನಮ್ಮ ಕಾಲೇಜಿಗೇ ಲೆಕ್ಚರರ್ ಆಗಿ ಬಂದಳು. ಪಿಎಚ್.ಡಿ.ಗೆ ಹೆಸರು ಹಚ್ಚಿದ್ದು ಧಾರವಾಡದಲ್ಲಿ, ಕೆಲಸವೆಲ್ಲ ನಮ್ಮ ಲ್ಯಾಬಿನಲ್ಲಿ, ನನ್ನ ಪಕ್ಕದ ಟೇಬಲ್ಲಿನಲ್ಲಿ. ಅವಳ ವಿಷಯವನ್ನು ಸರಳವಾಗಿ ಹೇಳುತ್ತೇನೆ. ಕೆಟ್ಟ ಬ್ಯಾಕ್ಟೀರಿಯಾಗಳು ನಾಲ್ಕಾರು ಇದ್ದಾಗ ಬಾಲ ಮುದುರಿಕೊಂಡು ಇರುತ್ತವೆ. ಒಂದೊಂದೂ ತನ್ನಿಂದ ಒಂದು ರಾಸಾಯನಿಕವನ್ನು ಹೊರಗೆ ಬಿಡುತ್ತಿರುತ್ತದೆ. ಅದು ಸುತ್ತಲೂ ಸಾಕಷ್ಟು ತುಂಬಿತೆಂದರೆ ನಮ್ಮವರು ಬಹಳ ಮಂದಿ ಸೇರಿದ್ದಾರೆ ಎಂದು ಎಲ್ಲಕ್ಕೂ ತಿಳಿಯುತ್ತದೆ. ಆಗ ಒಮ್ಮೆಲೇ ವಿಷ ಉಗುಳುತ್ತವೆ, ಮೇಲೆ ಲೋಳೆಯ ಪೊರೆ ಕಟ್ಟಿಕೊಳ್ಳುತ್ತವೆ. ಆ ಪೊರೆಯೊಳಗೆ ಔಷಧ ಸುಲಭವಾಗಿ ಇಳಿಯುವುದಿಲ್ಲ. ಮಜ್ಜಿಗೆ, ಅಂಬಲಿಗಳಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಈ ಮಾತುಕತೆಯನ್ನೇ ಕೆಡಿಸುತ್ತವೆ. ಅವು ಯಾವುವು ಎಂದು ಹುಡುಕುವುದು ಸುಮಲತಾಳ ಕೆಲಸ.

ಮಾತುಕತೆ ನಡೆದಾಗ ಮಾತ್ರ ನೇರಳೆ ಬಣ್ಣ ಬಿಡುವ ಒಂದು ಬ್ಯಾಕ್ಟೀರಿಯಾ ಇದೆ. ಅದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ನಡುವೆ ಮಜ್ಜಿಗೆಯ ಬ್ಯಾಕ್ಟೀರಿಯಾದಿಂದ ತೆಗೆದ ಸತ್ವ ಇಡಬೇಕು. ಅದರ ಸುತ್ತ ನೇರಳೆ ಹೋಗಿ ಬಿಳಿಯ ಉಂಗುರ ಬಿದ್ದರೆ, ಅಲ್ಲಿ ಮಾತು ಕೆಟ್ಟಿತೆಂದು ಅರ್ಥ. ಆಮೇಲೆ ಅದೇ ಸತ್ವವನ್ನು ಗಾಯದಲ್ಲಿ ಹಸಿರು ಕೀವು ಮಾಡುವ ಬ್ಯಾಕ್ಟೀರಿಯಾದ ಮೇಲೂ ನೋಡಬೇಕು. ಸುಮಲತಾ ಹುಬ್ಬಳ್ಳಿ, ಧಾರವಾಡ, ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳ ಮಜ್ಜಿಗೆ ತಂದು ನೋಡಿದಳು. ಎಲ್ಲಕ್ಕಿಂತ ದೊಡ್ಡ ಉಂಗುರ ಬಿದ್ದದ್ದು ಅವಳ ಅವ್ವನ ಗಡಿಗೆಯ ಮಜ್ಜಿಗೆಗೆ. ನಾವಿಬ್ಬರೂ ನಕ್ಕದ್ದೇ ನಕ್ಕದ್ದು.

ಆ ತಟ್ಟೆ ನೋಡಲು ಗಂಡ ಹೆಂಡತಿ ಇಬ್ಬರೂ ಲ್ಯಾಬಿಗೆ ಬಂದಿದ್ದರು. ಎರಡು ಸಾವಿರದ ನಾಲ್ಕರ ಮಾತು. ಸತ್ಯವ್ವ ಇಳಕಲ್ ಸೀರೆ ಉಟ್ಟು, ದೇವರ ಮುಂದೆ ನಿಂತ ಹಾಗೆ ಕೈಕಟ್ಟಿ ನಿಂತಿದ್ದರು. ಗುರುಶಿದ್ದಪ್ಪನವರು ಮಗಳು ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದರು.

"ಅಂದ್ರ ಯೂನಿಯನ್ ಇದ್ದಂಗ. ಒಬ್ಬಾವ ಇದ್ರ ಸಾಹೇಬನ ಮುಂದ ಉಸಿರು ಬಿಡಂಗಿಲ್ಲ. ಗೇಟಿನ ಮುಂದ ಮಂದಿ ಕೂಡಿತು ಅಂದ್ರ ಎಲ್ಲಾರೂ ಕೂಡೇ ಘೋಷಣಾ."

"ಖರೇ ಅಪ್ಪಾ, ಹಂಗ" ಎಂದಳು ಸುಮಲತಾ.

"ಹಂಗಾರ ನಿನ್ನ ಮಜ್ಜಿಗಿ ಹುಳಾ ಮ್ಯಾನೇಜ್‌ಮೆಂಟಿನ ಮನಷ್ಯಾ ಅನ್ನು. ಮೀಟಿಂಗ್ ಒಡಿಯೂ ಹಲ್ಕಟ್ಟನ್ನ ನಮ್ಮ ಮನ್ಯಾಗ ಇಟ್ಕೊಂಡಿದ್ವಲ್ಲಾ ಇಷ್ಟ ವರ್ಷ!"

"ನನ್ನ ತವರಮನಿ ಹೆಪ್ಪಿಗೆ ಏನೂ ಅನಬ್ಯಾಡ್ರಿ" ಎಂದು ಸತ್ಯವ್ವ ಮುಖ ತಿರುವಿದರು. ಆದರೆ ಅವರ ಕಣ್ಣು ಆ ತಟ್ಟೆಯ ಮೇಲೇ ಇತ್ತು. ಹೋಗುವಾಗ ಅದನ್ನು ಒಮ್ಮೆ ಮುಟ್ಟಿ ನಮಸ್ಕಾರ ಮಾಡಲು ಕೈ ಚಾಚಿದ್ದರು. ನಾನೇ ತಡೆದೆ.

ಮರುವರ್ಷ ಶ್ರಾವಣದಲ್ಲಿ ಗುರುಶಿದ್ದಪ್ಪ ಎಂದಿನಂತೆ ಚಪ್ಪಲಿ ಬಿಟ್ಟು ಸೋಮವಾರಗಳಂದು ಮಠಕ್ಕೆ ನಡೆದರು. ಅವರಿಗೆ ಶುಗರ್ ಇತ್ತು, ಪಾದಕ್ಕೆ ಸ್ಪರ್ಶ ಕಡಿಮೆಯಾಗಿತ್ತು. ಬಲಗಾಲಿನ ಅಡಿಗೆ ಏನು ಚುಚ್ಚಿತೋ, ಯಾವಾಗ ಚುಚ್ಚಿತೋ ಅವರಿಗೇ ತಿಳಿಯಲಿಲ್ಲ. ಹಾಸಿಗೆಯ ಮೇಲೆ ಕಲೆ ಕಂಡು ಸತ್ಯವ್ವ ಕಾಲು ಎತ್ತಿ ನೋಡಿದಾಗ ಗಾಯ ಬಾಯಿಬಿಟ್ಟಿತ್ತು. ದವಾಖಾನೆಗೆ ಹೋಗುವಷ್ಟರಲ್ಲಿ ಹಸಿರು ಕೀವು, ಹತ್ತಿರ ಕೂರಲಾರದಂಥ ವಾಸನೆ.

ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಶುರುವಾಯಿತು. ಅದನ್ನು ಮಾಡುತ್ತಿದ್ದ ಸಿಸ್ಟರ್ ಗುಲ್ಜಾರಬಿ, "ಕಾಕಾ, ಬರಿಗಾಲ್ಲೆ ನಡದು ಪುಣ್ಯಾ ಗಳಿಸಿದ್ರಿ, ಈಗ ನನ್ನ ಕೈಯಾಗ ಸಿಕ್ರಿ ನೋಡ್ರಿ" ಎಂದು ನಗಿಸುತ್ತಲೇ ಗಾಯ ಕೆರೆದು ತೊಳೆಯುತ್ತಿದ್ದಳು. ಡಾಕ್ಟರು ಮಾತ್ರ ನಗಲಿಲ್ಲ. ಇದು ಹಟಮಾರಿ ಸೋಂಕು, ಲೋಳೆ ಕಟ್ಟಿಕೊಂಡು ಕೂತಿದೆ, ಎಲುಬಿಗೆ ಇಳಿದರೆ ಕಾಲು ತೆಗೆಯಬೇಕಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದರು. ಗುಳಿಗೆ ಒಂದು ಹೊತ್ತೂ ತಪ್ಪಬಾರದು ಎಂದರು.

ಅಂದು ಸಂಜೆ ನಾನು ನೋಡಲು ಹೋದಾಗ ಅಪ್ಪ ಮಗಳ ಮಾತು ನಡೆದಿತ್ತು.

"ನನ್ನ ಕಾಲಾಗಿಂದು, ನಿನ್ನ ಲ್ಯಾಬಿನ್ಯಾಗಿಂದು, ಎರಡೂ ಒಂದ ಜಾತಿದೇನು?"

"ಒಂದ ಜಾತಿದು ಅಪ್ಪಾ."

"ಅದು ನಮ್ಮ ಮಜ್ಜಿಗಿಗೆ ಅಂಜ್ತೈತಿ ಹೌದಿಲ್ಲೋ?"

"ತಟ್ಟಿಯೊಳಗ ಅಂಜ್ತೈತಿ. ಕಾಲಾಗ ಅಂಜ್ತೈತೋ ಇಲ್ಲೋ ಯಾರಿಗೂ ಗೊತ್ತಿಲ್ಲ. ಅದು ಗೊತ್ತಾಗಾಕ ಇನ್ನಾ ಎಷ್ಟ ವರ್ಷ ಬೇಕೋ. ನೀ ಗುಳಿಗಿ ನುಂಗು, ಅಷ್ಟ ಸಾಕು."

ಇದಕ್ಕಿಂತ ಬಿಡಿಸಿ ಯಾರು ಹೇಳಬೇಕು? ನಾನೇ ಅಲ್ಲಿ ಕೂತು ಕೇಳಿದ್ದೇನೆ. ಅವಳ ಮೇಲೆ ಯಾರಾದರೂ ತಪ್ಪು ಹೊರಿಸಿದರೆ ಅವರ ಜೊತೆ ಜಗಳಕ್ಕೆ ನಾನು ಈಗಲೂ ತಯಾರು.

ಸ್ವಲ್ಪ ದಿನಗಳಲ್ಲಿ ಗಾಯ ತಿಳಿಯಾಯಿತು. ಹಸಿರು ಹೋಯಿತು, ವಾಸನೆ ಹೋಯಿತು. ದೂರದ ದವಾಖಾನೆಗೆ ಓಡಾಡುವುದು ಬೇಡವೆಂದು ಇಲ್ಲೇ ಸಮೀಪದ ಕಂಪೌಂಡರ್ ಕಡೆ ಡ್ರೆಸ್ಸಿಂಗ್ ಮಾಡಿಸುತ್ತಿದ್ದೇನೆ ಎಂದು ಗುರುಶಿದ್ದಪ್ಪ ಹೇಳಿದರು. ಸುಮಲತಾಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡೆ. ಕಾಲೇಜಿನಲ್ಲಿ ಎಲ್ಲರಿಗೂ ಫೇಡೆ ಹಂಚಿದಳು. ಅಪ್ಪನ ಗಾಯದಲ್ಲಿ ಆ ಬ್ಯಾಕ್ಟೀರಿಯಾ ಎಷ್ಟು ಉಳಿದಿದೆ ನೋಡೋಣವೆಂದು ಒಂದು ಬೆಳಿಗ್ಗೆ ಹತ್ತಿಯ ಕಡ್ಡಿ ಆಡಿಸಿ ತಂದು ತಟ್ಟೆಗಳ ಮೇಲೆ ಗೀರಿದಳು. ಕೈಗೆ ಅಭ್ಯಾಸವಾಗಿತ್ತಲ್ಲ, ಮಜ್ಜಿಗೆಯ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೂ ಒಂದು ಗೀರು ಎಳೆದಿಟ್ಟಳು.

ಅವು ಬೆಳೆದು ಬಂದ ದಿನ ನಾನು ಪಕ್ಕದಲ್ಲೇ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮಜ್ಜಿಗೆಯ ತಟ್ಟೆಯ ತುಂಬ ಕೆನೆಬಣ್ಣದ ಚುಕ್ಕೆಗಳು. ಗಾಯದಲ್ಲಿ ಇವು ಎಲ್ಲಿಂದ ಬಂದವು ಎಂದು ಸುಮಲತಾ ಗಾಜಿನ ಮೇಲೆ ಹಚ್ಚಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಎದ್ದು ನಿಂತು ನನ್ನ ಕಡೆ ನೋಡಿದಳು.

"ಮ್ಯಾಡಂ, ಇವು ನಮ್ಮ ಮನಿವು" ಎಂದಳು.

ನಾನು ಪೆನ್ನಿನ ಮುಚ್ಚಳವನ್ನೂ ಹಾಕಲಿಲ್ಲ. ಇಬ್ಬರೂ ಸಿಕ್ಕ ಆಟೋ ಹತ್ತಿದೆವು.

ಮನೆಯಲ್ಲಿ ನಡುಮಧ್ಯಾಹ್ನದ ಹೊತ್ತು. ಗುರುಶಿದ್ದಪ್ಪ ಗೋಡೆಗೆ ಒರಗಿ ಕೂತಿದ್ದರು, ಕಾಲು ಅಗಲ ತಟ್ಟೆಯಂಥ ಒಂದು ಪರಾತದಲ್ಲಿತ್ತು. ಸತ್ಯವ್ವ ಹುಳಿಮಜ್ಜಿಗೆಯಲ್ಲಿ ಬಿಳಿ ಬಟ್ಟೆ ಅದ್ದಿ ಅದ್ದಿ ಗಾಯದ ಮೇಲೆ ಹಿಂಡುತ್ತಿದ್ದರು. ಎಷ್ಟು ಮಮತೆಯಿಂದ ಹಿಂಡುತ್ತಿದ್ದರೆಂದರೆ, ನನ್ನ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು.

"ಅವ್ವಾ! ಏನ ಮಾಡಾಕತ್ತೀಬೇ?"

"ಯಾಕ ಹಂಗ ಒದರ್ತಿ? ನಿಮ್ಮ ಲ್ಯಾಬಿನ್ಯಾಗ ಇರೂದು ನನ್ನ ಗಡಿಗ್ಯಾಗಿಂದ ಅಲ್ಲೇನು? ಅದ್ನ ಅಲ್ಲಿ ಒಯ್ದು, ವರ್ಷಗಟ್ಟಲೆ ಇಟ್ಟು, ತಿರುಗಿ ತರೂದು ಯಾಕ? ಇಲ್ಲೇ ಐತಲ್ಲ."

ಗುರುಶಿದ್ದಪ್ಪನವರು ಸಂತೋಷದಲ್ಲಿದ್ದರು. "ಹಸರು ಹೋಗೇತಿ ನೋಡು ಯವ್ವಾ! ನಿನಗ ಆಮ್ಯಾಲೆ ಹೇಳೋಣಂತ ಸುಮ್ಮನಿದ್ವಿ. ನಿನ್ನ ಔಷಧಕ್ಕ ಮೊದಲನೇ ಮನಷ್ಯಾ ನಾನ. ಪುಸ್ತಕದಾಗ ಬರಕೋ."

ಸುಮಲತಾ ಪರಾತವನ್ನು ಆಚೆ ಸರಿಸಿದಳು. "ಗುಳಿಗಿ? ಗುಳಿಗಿ ನುಂಗಾಕತ್ತೀ ಇಲ್ಲೋ ಅಪ್ಪಾ?"

"ಬಿಟ್ಟೇನಿ. ಗುಳಿಗಿ ನುಂಗಿದ್ರ ಕೆಟ್ಟವರ ಜೋಡಿ ಒಳ್ಳೇವ್ರೂ ಸಾಯ್ತಾವಂತ ನೀನ ಹೇಳಿದ್ದೆಲ್ಲ. ನಮ್ಮ ಮಂದೀನ ಕೊಲ್ಲೂ ಗುಳಿಗಿ ನಾ ಹೆಂಗ ನುಂಗ್ಲಿ?"

ಅವಳು ಹೇಳಿದ್ದು ಸುಳ್ಳಲ್ಲ. ಯಾವತ್ತೋ ಊಟಕ್ಕೆ ಕೂತಾಗ, ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಬಗ್ಗೆ ಹೇಳಿದ ಮಾತು. ಜೀವಮಾನವೆಲ್ಲ ತನ್ನವರನ್ನು ಬಿಟ್ಟುಕೊಡದ ಆ ಯೂನಿಯನ್ ಮನುಷ್ಯ ಇಲ್ಲಿಯೂ ಬಿಟ್ಟುಕೊಡಲಿಲ್ಲ. ಅಯ್ಯೋ ದೇವರೇ, ಇಂಥ ತಪ್ಪಿಗೆ ಯಾರನ್ನು ಬೈಯುವುದು! ಕಂಪೌಂಡರ್ ಎಂಬುವನು ಇರಲೇ ಇಲ್ಲ. ಮಜ್ಜಿಗೆಯ ಹುಳಿಗೆ ಮೇಲಿನ ಹಸಿರು ಹೋಗಿತ್ತು, ವಾಸನೆ ಹೋಗಿತ್ತು, ಅದರಿಂದ ಎಲ್ಲರೂ ನಿಶ್ಚಿಂತರಾಗಿದ್ದೆವು. ಒಳಗೆ ಎಲುಬಿನ ಹತ್ತಿರ ಅವು ಲೋಳೆ ಹೊದ್ದುಕೊಂಡು ತಮ್ಮ ಕೆಲಸ ಮಾಡುತ್ತಲೇ ಇದ್ದವು.

ಅದೇ ಆಟೋದಲ್ಲಿ ದವಾಖಾನೆಗೆ ಹೋದೆವು. ಡಾಕ್ಟರು ಸಲಾಕೆ ಹಾಕಿದರೆ ನೇರ ಎಲುಬಿಗೇ ತಾಕಿತು. ಎಲುಬು ಕೊಳೆತಿತ್ತು, ನಂಜು ಮೈಗೆ ಏರಿತ್ತು. ಔಷಧ, ಡ್ರೆಸ್ಸಿಂಗ್ ನಿಲ್ಲಿಸದಿದ್ದರೆ ಕಾಲು ಉಳಿಸಿಕೊಳ್ಳುವ ಆಸೆ ಇತ್ತು, ಈಗ ಜೀವ ಉಳಿಸಬೇಕು ಎಂದರು. ಗುಲ್ಜಾರಬಿ, "ಕಾಕಾ, ನನ್ನ ಕಡೆ ಬರೂದು ಯಾಕ ಬಿಟ್ರಿ, ನಾ ಬೈದ್ನೆಂತ ಸಿಟ್ಟಾತೇನು?" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮರುದಿನ ಮೊಣಕಾಲಿನ ಕೆಳಗೆ ಬಲಗಾಲು ತೆಗೆದರು.

ಆಮೇಲಿನದೇ ಹೆಚ್ಚು ಸಂಕಟದ ಕತೆ. ಗುರುಶಿದ್ದಪ್ಪ ಊರುಗೋಲು ಹಿಡಿದು ಕಟ್ಟೆಗೆ ಬಂದು ಕೂರತೊಡಗಿದರು. ಬಂದುಹೋಗುವವರಿಗೆಲ್ಲ, "ಮಜ್ಜಿಗಿ ಹಚ್ಚೂದು ನಾವ ತಡಾ ಮಾಡಿದ್ವಿ. ಮೊದಲ ಹಚ್ಚಿದ್ರ ಕಾಲು ಉಳೀತಿತ್ತು. ನನ್ನ ಮಗಳ ಔಷಧ ಅದು" ಎನ್ನುತ್ತಿದ್ದರು. ಓಣಿಯಿಂದ ಓಣಿಗೆ ಆ ಮಾತು ಹೋಯಿತು. ಮದುವೆ ಊಟದಲ್ಲಿ ನನ್ನ ಹೊಟ್ಟೆ ಉರಿಸುವ ಮಾತು ಹುಟ್ಟಿದ್ದು ಅಲ್ಲಿಯೇ. ಸುಮಲತಾ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. "ಹೇಳಬಾರದೇನ?" ಎಂದು ನಾನು ಗದರಿಸಿದೆ. "ಕಾಲಂತೂ ಹೋತು ಮ್ಯಾಡಂ. ಇದೊಂದ ಮಾತಿನ ಮ್ಯಾಲೆ ನಿಂತಾನ ಅಂವಾ. ಅದನ್ನೂ ಹೆಂಗ ಕಸಗೊಳ್ಲಿ?" ಎಂದಳು. 

ಸತ್ಯವ್ವ ಮಾತ್ರ ಏನನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಕಾಲು ತೆಗೆದು ಮನೆಗೆ ಕರೆತಂದ ದಿನ ಗಡಿಗೆಯ ಮೊಸರನ್ನೆಲ್ಲ ಮೋರಿಗೆ ಸುರಿದು, ಗಡಿಗೆಯನ್ನು ಹಿತ್ತಲಿನಲ್ಲಿ ಬೋರಲು ಹಾಕಿದರು. ಮತ್ತೆ ಆ ಮನೆಯಲ್ಲಿ ಹಾಲಿಗೆ ಹೆಪ್ಪು ಬೀಳಲಿಲ್ಲ. ಗುರುಶಿದ್ದಪ್ಪನವರೂ ಕೇಳಲಿಲ್ಲ, ಸಾರು ಅನ್ನಕ್ಕೇ ಎದ್ದುಬಿಡುತ್ತಿದ್ದರು.

ಎರಡು ಸಾವಿರದ ಎಂಟರಲ್ಲಿ ಸುಮಲತಾಳ ಪಿಎಚ್.ಡಿ.ಯ ಕೊನೆಯ ಮೌಖಿಕ ಪರೀಕ್ಷೆ ಧಾರವಾಡದಲ್ಲಿ ಆಯಿತು. ಅದಕ್ಕೆ ಯಾರು ಬೇಕಾದರೂ ಬಂದು ಕೂರಬಹುದು, ಕೊನೆಗೆ ಸಭೆಯವರೂ ಪ್ರಶ್ನೆ ಕೇಳಬಹುದು. ಗುರುಶಿದ್ದಪ್ಪ ಹೊಸ ಧೋತರ ಉಟ್ಟು, ಸತ್ಯವ್ವನ ಜೊತೆ ಹಿಂದಿನ ಸಾಲಿನಲ್ಲಿ ಕೂತಿದ್ದರು. ಸುಮಲತಾ ನೇರಳೆ ತಟ್ಟೆಗಳ ಚಿತ್ರ ತೋರಿಸಿದಳು, ಲೋಳೆಯ ಪೊರೆ ಅರ್ಧಕ್ಕಿಂತ ಕಡಿಮೆಯಾದದ್ದನ್ನು ತೋರಿಸಿದಳು. ಪರೀಕ್ಷಕರು ತಲೆದೂಗಿದರು. ಸಭೆಯಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಅಧ್ಯಕ್ಷರು ಕೇಳಿದಾಗ ಹಿಂದಿನಿಂದ ಊರುಗೋಲಿನ ಸಪ್ಪಳವಾಯಿತು. 

"ಸಾಹೇಬ್ರ, ನೀವು ಕೇಳಬೇಕಾದ್ದು ಕೇಳಲಿಲ್ಲ" ಎಂದರು ಗುರುಶಿದ್ದಪ್ಪ, ಗೇಟ್ ಮೀಟಿಂಗಿನ ದನಿಯಲ್ಲಿ. "ಇದು ಮನಷ್ಯಾನ ಮ್ಯಾಲೆ ಆಗೇತಿ. ಹೆಂಗ ಕೆಲಸಾ ಮಾಡ್ತು, ಹೇಳ ಯವ್ವಾ. ಅಂಜಬ್ಯಾಡ."

ಮಗಳಿಗೆ ಸಹಾಯ ಮಾಡಲೆಂದೇ ಎದ್ದಿದ್ದರು. ಪರೀಕ್ಷಕರಲ್ಲಿ ಒಬ್ಬರು ಕುತೂಹಲದಿಂದ ಮುಂದೆ ಬಾಗಿದರು.  ಸುಮಲತಾ ಅದುವರೆಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಈಗ ಅಪ್ಪನನ್ನು ನೋಡುತ್ತ ಮನೆಯ ಮಾತಿನಲ್ಲಿ ಹೇಳಿದಳು.

"ಒಬ್ಬರು ತಾವಾಗೇ ಹಚ್ಚಿಕೊಂಡ್ರು. ಮ್ಯಾಲಿಂದು ಹೋತು, ಒಳಗಿಂದು ಹೋಗಲಿಲ್ಲ. ಹಸರು ಕಾಣಲಿಲ್ಲಂತ ಎಲ್ಲಾರೂ ಮೋಸ ಹೋದ್ವಿ. ಅವ್ರು ಗುಳಿಗಿ ಬಿಟ್ಟಿದ್ರು. ಬಿಡದಿದ್ರ ಕಾಲು ಉಳೀತಿತ್ತೋ ಏನೋ. ಇದು ಇನ್ನಾ ಔಷಧ ಅಲ್ಲ. ಯಾರೂ ಹಚ್ಚಬಾರದು."

 ಗುರುಶಿದ್ದಪ್ಪ ನಿಂತೇ ಇದ್ದರು. ಸತ್ಯವ್ವ ಧೋತರದ ಚುಂಗು ಹಿಡಿದು ಎಳೆದ ಮೇಲೆ ಕೂತರು. ಸುಮಲತಾಳಿಗೆ ಡಾಕ್ಟರೇಟ್ ಕೊಡಬಹುದೆಂದು ಪರೀಕ್ಷಕರು ಸಾರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅವರೂ ತಟ್ಟಿದರು.

 ಹುಬ್ಬಳ್ಳಿಗೆ ತಿರುಗಿ ಮನೆಯ ಬಾಗಿಲಿಗೆ ಬಂದಾಗ ಸಂಜೆಯಾಗಿತ್ತು. ಸತ್ಯವ್ವ ದೀಪ ಹಚ್ಚಿ ಒಲೆಯ ಮುಂದೆ ಹೋದರು. ನಾನೂ ಒಳಗೇ ಕೂತೆ, ಬಿಟ್ಟುಹೋಗಲು ಮನಸ್ಸಾಗಲಿಲ್ಲ.

"ಅಂದ್ರ ಕಾಲು ಸುಮ್ಮನ ಹೋತು" ಎಂದರು ಗುರುಶಿದ್ದಪ್ಪ.

ಸುಮಲತಾ ಅವರ ಹತ್ತಿರ ಕೂತು, "ಹೌದಪಾ" ಎಂದಳು.

"ಇಷ್ಟ ದಿನಾ ಯಾಕ ಹೇಳಲಿಲ್ಲ?"

"ನಿನಗ ಕೆಟ್ಟನಸ್ತಿತ್ತು."

"ಈಗ ಕೆಟ್ಟನಸಂಗಿಲ್ಲೇನು?"

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅಷ್ಟು ವರ್ಷ ತಡೆದಿಟ್ಟ ಅಳು, ಜೋರಾಗಿಯೇ ಅತ್ತಳು. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಸತ್ಯವ್ವ ತಾಟು ತಂದಿಟ್ಟರು. ಗುರುಶಿದ್ದಪ್ಪ ರೊಟ್ಟಿ ತಿಂದು, ಅನ್ನ ಉಂಡು, ಕೊನೆಗೆ ಖಾಲಿ ತಾಟಿನ ಮುಂದೆ ಕೈ ಒಣಗಿಸಿಕೊಂಡು ಕೂತೇ ಇದ್ದರು.

"ಮಜ್ಜಿಗಿ ಹಾಕು" ಎಂದರು ಹೆಂಡತಿಗೆ.

ಸತ್ಯವ್ವ ನಿಂತಲ್ಲೇ ನಿಂತರು. ಮನೆಯಲ್ಲಿ ಮಜ್ಜಿಗೆ ಇಲ್ಲ, ಹೆಪ್ಪು ಇಲ್ಲ, ಇವರಿಗೆ ಗೊತ್ತಿಲ್ಲದ್ದೇ? ನಾನು ಎದ್ದು ನಮ್ಮ ಮನೆಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ, ಒಂದು ಬಟ್ಟಲು ಗಟ್ಟಿಮೊಸರು ತಂದೆ.

"ಬ್ಯಾಡ್ರಿ ಅಕ್ಕಾವ್ರ" ಎಂದು ಸತ್ಯವ್ವ ಹಿಂದೆ ಸರಿದರು. "ದೀಪಾ ಹಚ್ಚೇತಿ. ಈ ಹೊತ್ತಿನ್ಯಾಗ ಹೆಪ್ಪು ಕೊಟ್ರ ನಿಮ್ಮ ಮನಿಗೆ ಛಲೋ ಅಲ್ಲ."

"ಕೊಡೂದಲ್ರಿ ಇದು. ನೀವ ಕೊಟ್ಟ ಬೆಟಗೇರಿ ಹೆಪ್ಪು, ನಮ್ಮ ಮನ್ಯಾಗ ಇತ್ತು. ನಿಮ್ಮದ ನಿಮಗ ತಂದೇನಿ, ಸುಮ್ಮನ ತಗೋರಿ" ಎಂದು ಗದರಿಸಿದ ಹಾಗೆ ಹೇಳಿದೆ.  ಸತ್ಯವ್ವ ಹಿತ್ತಲಿಗೆ ಹೋಗಿ ಬೋರಲು ಹಾಕಿದ್ದ ಗಡಿಗೆ ತಂದು ತೊಳೆಯತೊಡಗಿದರು. ಗುರುಶಿದ್ದಪ್ಪ ಮಜ್ಜಿಗೆ ಕುಡಿದು, "ಹುಳಿ ಆಗೇತಿ" ಎಂದರು.

ಮರುದಿನದಿಂದ ಅವರು ಕಟ್ಟೆಯ ಮೇಲೆ ಕೂತು ಹೇಳುವ ಮಾತು ಬದಲಾಯಿತು. ಶುಗರ್ ಇದ್ದವರು ಯಾರಾದರೂ ಬಂದು, "ಯಜಮಾನ್ರ, ಗಾಯಕ್ಕ ಮಜ್ಜಿಗಿ ಹಚ್ಚಲೇನ್ರಿ?" ಎಂದು ಕೇಳಿದರೆ, ಧೋತರ ಮೇಲೆತ್ತಿ ಮೋಟುಗಾಲು ತೋರಿಸುತ್ತಿದ್ದರು. "ನೋಡು, ಹಿಂಗಾಗ್ತೈತಿ. ಲಗೂನ ದವಾಖಾನಿಗೆ ನಡಿ. ಗುಳಿಗಿ ನುಂಗು. ಮಜ್ಜಿಗಿ ಕುಡಿ, ಹಚ್ಚಬ್ಯಾಡ." ಸಾಯುವವರೆಗೂ ಅದನ್ನೇ ಹೇಳಿದರು.

"ನಿಮಗ ಹಚ್ಚಾಕ ಯಾರ ಹೇಳಿದ್ರು?" ಎಂದು ಕೆಲವರು ಕೆದಕಿ ಕೇಳುವರು. ಆಗ ಮಾತ್ರ ಗುರುಶಿದ್ದಪ್ಪ ಮಗಳ ಹೆಸರಾಗಲಿ, ಹೆಂಡತಿಯ ತವರಿನ ಹೆಸರಾಗಲಿ ಎತ್ತುತ್ತಿರಲಿಲ್ಲ.

"ಯಾರೂ ಹೇಳಲಿಲ್ಲೋ. ನಂದ ಅತೀ ಶಾಣ್ಯಾತನ" ಎನ್ನುತ್ತಿದ್ದರು. ಒಳಗಿದ್ದ ಸುಮಲತಾ ಪ್ರತಿಸಲವೂ ಅದನ್ನು ಕೇಳಿಸಿಕೊಳ್ಳುತ್ತಿದ್ದಳು.